ಎಂಜಿಬಿಯ ಕರಿ ಮೂತಿ: ಇಟ್ಟುಕೊಳ್ಳೋದೋ, ಕ್ರೋಮ್ ಹಾಕಿಸೋದೋ?

ನಮ್ಮ ಮಾವ 1980ರಲ್ಲಿ ಇಂಗ್ಲೆಂಡಿನ ನೌಕರಿ ಬಿಟ್ಟು ತುಮಕೂರಿಗೆ ವಾಪಸು ಬಂದಾಗ ಹಡಗಿನಲ್ಲಿ ಒಂದು ಎಂಜಿಬಿ ತಂದರು. ಇಂಗ್ಲೆಂಡಿನ ಎಂಜಿ ಕಂಪನಿಯ ಪುಟ್ಟ ಸ್ಪೋರ್ಟ್ಸ್ ಕಾರು ಅದು. 1975ರ ಗಾಡಿ, ಎರಡೇ ಸೀಟು, ಮೇಲೆ ಬಟ್ಟೆಯ ಹುಡ್ಡು. ಬಿ.ಎಚ್. ರಸ್ತೆಯಲ್ಲಿ ಅದು ಹೋದರೆ ಸೈಕಲ್ಲಿನವರು ಕಾಲೂರಿ ನಿಂತು ನೋಡುತ್ತಿದ್ದರಂತೆ. ಹತ್ತಿರ ಬಂದವರು ಕೇಳುತ್ತಿದ್ದದ್ದು ಮಾತ್ರ ಒಂದೇ ಪ್ರಶ್ನೆ: "ಇಷ್ಟು ಚೆಂದದ ಗಾಡಿಗೆ ಮುಂದೆ ಇದೇನ್ ಸಾರ್, ಎಮ್ಮೆ ಮೂತಿ?" ಮೂತಿ ಅಂದರೆ ಮುಂದಿನ ದಪ್ಪ ಕರಿ ಬಂಪರ್.

ಮಾವನ ನಂತರ ಗಾಡಿ ನನ್ನ ಪಾಲಿಗೆ ಬಂತು, ಪ್ರಶ್ನೆಯೂ ಬಂತು. ಗುಬ್ಬಿ ಗೇಟಿನ ಕಡೆ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಬೋಲ್ಟು, ತಗಡು, ಸ್ಟೀಲು ಇವುಗಳ ನಡುವೆಯೇ ಬದುಕುವ ನನಗೆ ಒಂದು ಬಂಪರ್ ಬದಲಿಸುವುದು ಎಷ್ಟರ ಕೆಲಸ ಅನ್ನಿಸಿತ್ತು. ಎರಡು ವರ್ಷ ಹಿಡಿಯಿತು, ಒಂದು ಸಲ ದುಡ್ಡೂ ನೀರಿಗೆ ಹೋಯಿತು. ಅದೇ ಯೋಚನೆಯಲ್ಲಿ ಇರುವವರಿಗೆ ಯಾವ ದಾರಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನನ್ನ ಒಲವು ಯಾವ ಕಡೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಬಂಪರ್ ಬದಲಿಸುವುದು ಒಂದು ನಿರ್ಧಾರ, ಗಾಡಿಯನ್ನು ತಗ್ಗಿಸುವುದು ಇನ್ನೊಂದು ನಿರ್ಧಾರ. ಎಲ್ಲರೂ ಎರಡನ್ನೂ ಒಂದೇ ಗಂಟು ಕಟ್ಟುತ್ತಾರೆ. ನಮ್ಮ ಕಡೆಯ ರಸ್ತೆಗೆ ಮೊದಲನೆಯದು ಸರಿ, ಎರಡನೆಯದು ಬೇಡ.

ಆ ಮೂತಿ ಬಂದದ್ದು ಹೇಗೆ

ಎಂಜಿಬಿ 1962ರಲ್ಲಿ ಹುಟ್ಟಿದಾಗ ಅದಕ್ಕೆ ತೆಳ್ಳನೆಯ ಕ್ರೋಮ್ ಬಂಪರ್ ಇತ್ತು, ಮೀಸೆಯ ಹಾಗೆ. ಅಮೆರಿಕದಲ್ಲಿ 1973ರ ಮಾಡೆಲ್‌ಗಳಿಂದ ಹೊಸ ನಿಯಮ ಬಂತು: ಗಂಟೆಗೆ 5 ಮೈಲಿ, ಅಂದರೆ 8 ಕಿಲೋಮೀಟರ್ ವೇಗದಲ್ಲಿ ಮೂತಿ ಗುದ್ದಿದರೂ ದೀಪ ಮುಂತಾದ ಸುರಕ್ಷತಾ ಭಾಗಗಳು ಕೆಡಬಾರದು. ಮರುವರ್ಷ ಹಿಂಬದಿಗೂ ಅದೇ ವೇಗ, ಜತೆಗೆ ಬಂಪರ್ ನೆಲದಿಂದ 16ರಿಂದ 20 ಇಂಚಿನ ಎತ್ತರದಲ್ಲಿ ಇರಬೇಕು ಅನ್ನುವ ಲೆಕ್ಕ. ಎಂಜಿಬಿಯ ದೊಡ್ಡ ಗಿರಾಕಿ ಅಮೆರಿಕವೇ. ಹಾಗಾಗಿ ಗಾಡಿ ತಯಾರಾಗುತ್ತಿದ್ದ ಅಬಿಂಗ್ಡನ್ ಕಾರ್ಖಾನೆಯವರು ಮೊದಲು ಬಂಪರಿಗೆ ಎರಡು ದಪ್ಪ ರಬ್ಬರ್ ಉಬ್ಬುಗಳನ್ನು ಅಂಟಿಸಿ ಕೈತೊಳೆದುಕೊಂಡರು. ಸಬ್ರಿನಾ ಅನ್ನುವ ನಟಿಯ ಮೈಕಟ್ಟು ನೆನಪಾಗಿ ಆ ಉಬ್ಬುಗಳಿಗೆ ಅವಳದೇ ಹೆಸರು ಬಿತ್ತು. 1974ರ ಕೊನೆಯ ಹೊತ್ತಿಗೆ ಒಳಗೆ ಉಕ್ಕಿನ ತೊಲೆ, ಹೊರಗೆ ಕರಿ ಪಾಲಿಯುರಿಥೇನ್ ಇರುವ ಈಗಿನ ಮೂತಿ ಬಂತು. ಎರಡು ಬಗೆಯ ಗಾಡಿ ಮಾಡುವುದು ದುಬಾರಿ ಅಂತ ಇಂಗ್ಲೆಂಡಿನ ಗಿರಾಕಿಗಳ ತಲೆಗೂ ಅದನ್ನೇ ಕಟ್ಟಿದರು. ಮಾವನ ಗಾಡಿಗೆ ಅಮೆರಿಕದ ಕಾಯಿದೆ ಅಂಟಿಕೊಂಡದ್ದು ಹೀಗೆ.

ಬಂಪರಿನ ಎತ್ತರ ಸರಿದೂಗಿಸಲು ಇಡೀ ಗಾಡಿಯನ್ನು ಒಂದು ಇಂಚಿಗೂ ಮಿಕ್ಕಿ ಎತ್ತಿದರು. ಅದರ ಜತೆಗೆ ಮುಂದಿನ ಆ್ಯಂಟಿ ರೋಲ್ ಬಾರನ್ನೂ ಕಿತ್ತರು! ಎತ್ತರ ಜಾಸ್ತಿ, ಹಿಡಿದುಕೊಳ್ಳುವ ಸರಳು ಇಲ್ಲ. ತಿರುವಿನಲ್ಲಿ ಗಾಡಿ ದೋಣಿಯ ಹಾಗೆ ವಾಲತೊಡಗಿತು. ಬೈಗುಳ ತಿಂದ ಮೇಲೆ 1977ರ ಮಾಡೆಲಿಗೆ ಬಾರ್ ವಾಪಸು ಬಂತು, ಹಿಂದೆಯೂ ಒಂದು ಸೇರಿಕೊಂಡಿತು. ಗಾಡಿಯ ಉದ್ದವೂ 3.89 ಮೀಟರಿನಿಂದ 4.02 ಮೀಟರಿಗೆ ಬೆಳೆದಿತ್ತು. ಹದಿಮೂರು ಸೆಂಟಿಮೀಟರ್, ಎಲ್ಲವೂ ಮೂತಿ ಮತ್ತು ಬಾಲದಲ್ಲಿ.

ಈ ಕಥೆ ಯಾಕೆ ಹೇಳಿದೆ ಅಂದರೆ, ಕರಿ ಬಂಪರ್ ಗಾಡಿ ಸರಿಯಾಗಿ ಓಡುವುದಿಲ್ಲ ಅನ್ನುವ ದೂರಿನಲ್ಲಿ ಬಂಪರಿನ ತಪ್ಪು ಕಡಿಮೆ. ದೂರಿನ ಮೂಲ ಎತ್ತರ ಮತ್ತು ಬಾರ್. ಕ್ರೋಮ್ ಹಾಕಿಸಿದ ತಕ್ಷಣ ದೇವರಾಯನದುರ್ಗದ ತಿರುವುಗಳಲ್ಲಿ ಗಾಡಿ ಅಂಟಿಕೊಂಡು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗೇ ಇಟ್ಟುಕೊಳ್ಳುವುದು

ಇದನ್ನು ಸೋಮಾರಿಗಳ ದಾರಿ ಅಂತ ತಳ್ಳಿಹಾಕುವ ಮುಂಚೆ ಒಂದು ಭಾನುವಾರ ಗಾಡಿ ತಗೊಂಡು ಮಂಡಿಪೇಟೆಗೆ ಹೋಗಿ ಬನ್ನಿ. ಹಿಂದಿನಿಂದ ಸ್ಕೂಟರ್ ತಾಗುತ್ತದೆ, ಪಕ್ಕದಲ್ಲಿ ಲಗೇಜ್ ಆಟೋ ಉಜ್ಜುತ್ತದೆ, ತಳ್ಳುಗಾಡಿಯವನು ಬಂಪರಿನ ಮೇಲೆ ಒಂದು ಕಾಲಿಟ್ಟು ಟೀ ಕುಡಿಯುತ್ತಾನೆ. ಕರಿ ಬಂಪರ್ ಇದನ್ನೆಲ್ಲ ಸಹಿಸುತ್ತದೆ. ಕ್ರೋಮ್ ಬಂಪರಿಗೆ ಸ್ಕೂಟರಿನ ಫುಟ್‌ರೆಸ್ಟ್ ಒಂದು ಸಲ ತಾಗಿದರೆ ಸಾಕು, ಆ ಗುಳಿ ಪ್ರತಿದಿನ ಬೆಳಿಗ್ಗೆ ನಿಮ್ಮನ್ನು ನೋಡಿ ನಗುತ್ತದೆ.

ಕರಿ ಬಂಪರಿನ ನಿಜವಾದ ಕಷ್ಟ ಬಿಸಿಲು. ಮೂರು ಬೇಸಿಗೆ ಹೊರಗೆ ನಿಂತರೆ ಬೂದಿ ಬಳಿದ ಹಾಗಾಗುತ್ತದೆ. ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್ ಎಲ್ಲ ಹಚ್ಚಿ ನೋಡಿದ್ದೇನೆ. ಎಣ್ಣೆ ಹಚ್ಚಿದ ದಿನ ಹೊಳೆಯುತ್ತದೆ, ಮರುದಿನ ಊರಿನ ಧೂಳೆಲ್ಲ ಅದರ ಮೇಲೆ ಕೂತು ಚಟ್ನಿಪುಡಿ ಚೆಲ್ಲಿದ ದೋಸೆಯಂತಾಗುತ್ತದೆ. ಹೀಟ್ ಗನ್ನಿನ ಬಿಸಿ ಗಾಳಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸಿದರೆ ಒಳಗಿನ ಕರಿ ಬಣ್ಣ ಮೇಲೆ ಬರುತ್ತದೆ, ಆದರೆ ಅದು ಕೆಲವು ತಿಂಗಳ ಮಾತು. ಪ್ಲಾಸ್ಟಿಕ್ ಭಾಗಗಳಿಗೆಂದೇ ಬರುವ ಡೈ ಹಚ್ಚುವುದು ಇದ್ದುದರಲ್ಲಿ ವಾಸಿ.

ಬಾಡಿ ಬಣ್ಣವನ್ನೇ ಬಂಪರಿಗೂ ಹೊಡೆಸುವುದು ಇನ್ನೊಂದು ಉಪಾಯ. ಕರಿ ಮೂತಿ ಬಣ್ಣದಲ್ಲಿ ಕರಗಿ ಅರ್ಧದಷ್ಟು ಚಿಕ್ಕದಾಗಿ ಕಾಣುತ್ತದೆ. ಖರ್ಚು ಕಡಿಮೆ, ಒಂದಿಂಚು ತಗಡೂ ಕತ್ತರಿಸಬೇಕಾಗಿಲ್ಲ. ಪೇಂಟಿನಲ್ಲಿ ಬಗ್ಗುವ ಗುಣ ಕೊಡುವ ಫ್ಲೆಕ್ಸ್ ಅಡಿಟಿವ್ ಬೆರೆಸಿದ್ದಾರೋ ಇಲ್ಲವೋ ಅಂತ ನಿಂತು ನೋಡಿ. ಬೆರೆಸದಿದ್ದರೆ ಮೊದಲ ಗುದ್ದಿಗೇ ಕೆರೆಯಂಗಳ ಒಣಗಿದ ಹಾಗೆ ಬಿರುಕು ಬಿಡುತ್ತದೆ. ನೀಲಿ, ಬಿಳಿ, ಕಡುಹಸಿರು ಗಾಡಿಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ನನ್ನದು ಹಳದಿ. ಹೊಡೆಸಿದ್ದರೆ ಬಾಳೆಹಣ್ಣಾಗುತ್ತಿತ್ತು.

ಬಿಚ್ಚಿದ ದಿನ

ನಮ್ಮ ಟಿಂಕರ್ ಸಾಬರ ಷೆಡ್ಡು ಶಿರಾ ಗೇಟಿನ ಆಚೆ. ಮುಂದಿನ ಬಂಪರ್ ಬಿಚ್ಚಲು ನಾಲ್ಕು ದೊಡ್ಡ ಬೋಲ್ಟು, ಅರ್ಧ ಗಂಟೆ ಅಂದುಕೊಂಡಿದ್ದೆ. ಮೂರು ಬಂದವು. ನಾಲ್ಕನೆಯದಕ್ಕೆ ಸಾಬರು ಎರಡು ದಿನ ಎಣ್ಣೆ ಕುಡಿಸಿದರು, ಅಲುಗಲಿಲ್ಲ. ಆಮೇಲೆ ಗ್ಯಾಸಿನಲ್ಲಿ ನಟ್ಟನ್ನು ಮಂದ ಕೆಂಪು ಬರುವ ತನಕ ಕಾಯಿಸಿ, ಸ್ವಲ್ಪ ಆರಿದ ಮೇಲೆ ಮೇಣದಬತ್ತಿಯನ್ನು ಬೋಲ್ಟಿನ ಮರೆಗೆ, ಅಂದರೆ ಸುರುಳಿ ಗೆರೆಗೆ, ಒತ್ತಿ ಹಿಡಿದರು. ಮೇಣ ಕರಗಿ ಸೊರ್ ಅಂತ ಒಳಗೆ ಇಳಿಯಿತು. ಸ್ಪಾನರ್ ಹಾಕಿದರೆ ಒಮ್ಮೆ ಕಿರ್ ಅಂದು ತಿರುಗಿತು. ನಲವತ್ತು ವರ್ಷ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತವನಿಗೆ ಆ ಮೇಣದ ವಿದ್ಯೆ ಗೊತ್ತಿರಲಿಲ್ಲ ಅಂತ ಒಪ್ಪಿಕೊಳ್ಳಲು ಮುಜುಗರವಾಗುತ್ತದೆ.

ಬಂಪರನ್ನು ಇಬ್ಬರು ಹಿಡಿದು ಇಳಿಸಿದೆವು. ಒಳಗಿನಿಂದ ಬೊಗಸೆಯಷ್ಟು ಕೆಂಪು ಮಣ್ಣು ಉದುರಿತು, ಜತೆಗೊಂದು ಒಣಗಿದ ಹುಣಸೆಕಾಯಿ. ಮೂತಿ ಇಲ್ಲದ ಗಾಡಿ ಹಲ್ಲುಸೆಟ್ ತೆಗೆದಿಟ್ಟ ಅಜ್ಜನ ಹಾಗೆ ಕಂಡಿತು. ಹೊರಗಿನಿಂದ ಗೊತ್ತಾಗದ ಸಂಗತಿಗಳು ಆಗಲೇ ಕಣ್ಣಿಗೆ ಬಿದ್ದದ್ದು. ಕ್ರೋಮ್ ಗಾಡಿಗೆ ಇರುವ ಮುಂದಿನ ಗ್ರಿಲ್ ಈ ಗಾಡಿಗೆ ಇಲ್ಲವೇ ಇಲ್ಲ, ಬಂಪರೇ ಗ್ರಿಲ್. ಇಂಡಿಕೇಟರ್ ದೀಪಗಳೂ ಬಂಪರಿನೊಳಗೇ, ಕ್ರೋಮ್ ಗಾಡಿಯಲ್ಲಿ ಅವು ಹೆಡ್‌ಲೈಟಿನ ಕೆಳಗೆ ಮಡ್‌ಗಾರ್ಡಿನಲ್ಲಿ. ಬಂಪರಿನ ಕೆಳಗೆ ಬರುವ ಮುಂಗಟ್ಟು ತಗಡೂ ಇಲ್ಲ. ಹಿಂದೆ ಎರಡೂ ಮೂಲೆಗಳ ತಗಡು ಮೋಟು, ಕರಿ ಬಂಪರ್ ಅದನ್ನು ಮುಚ್ಚಿಕೊಂಡಿತ್ತು.

ಅಂದರೆ ಇದು ಬರೀ ಬಂಪರ್ ಬದಲಾವಣೆಯಲ್ಲ. ಪಟ್ಟಿ ಹಿಗ್ಗುತ್ತದೆ: ಮುಂದಿನ ಎರಡು ಮಡ್‌ಗಾರ್ಡು, ಗ್ರಿಲ್, ಅದು ಕೂರುವ ತಗಡು, ಕೆಳಗಿನ ಮುಂಗಟ್ಟು, ದೀಪ, ಬ್ರ್ಯಾಕೆಟ್, ಹಿಂದಿನ ಮೂಲೆಗಳಿಗೆ ತೇಪೆ, ನಂಬರ್ ಪ್ಲೇಟಿನ ದೀಪ. ನನಗೆ ಬಂಪರುಗಳಿಗೆ ಆದ ಖರ್ಚಿನ ಮೂರು ಪಟ್ಟು ತಗಡು ಕೆಲಸ ಮತ್ತು ಪೇಂಟಿಗೆ ಆಯಿತು. ಹಳದಿ ಬಣ್ಣಕ್ಕೆ ಹಳದಿ ಸೇರಿಸುವುದು ಸುಲಭವಲ್ಲ, ಕೊನೆಗೆ ಇಡೀ ಗಾಡಿಗೇ ಹೊಡೆಸಬೇಕಾಯಿತು.

ಒಂದು ಪುಣ್ಯ: ಎಂಜಿಬಿಯ ಮುಂದಿನ ಮಡ್‌ಗಾರ್ಡುಗಳು ಬೋಲ್ಟಿನಲ್ಲಿ ಕೂರುವಂಥವು. ಹಳೆಯದನ್ನು ಬಿಚ್ಚಿ ಅಟ್ಟಕ್ಕೆ ಹಾಕಿ, ಕ್ರೋಮ್ ಮಾದರಿಯದನ್ನು ಕೂರಿಸಬಹುದು. ಹಿಂದಿನವು ಬಾಡಿಗೆ ಬೆಸುಗೆಯಾದವು, ಅಲ್ಲಿ ವೆಲ್ಡಿಂಗ್ ತಪ್ಪಿದ್ದಲ್ಲ. ಸಾಬರು ಗ್ಯಾಸ್ ವೆಲ್ಡಿಂಗ್ ಬೇಡ, ತೆಳು ತಗಡು ಸೆಟೆದುಕೊಳ್ಳುತ್ತೆ ಅಂತ ಸಿಓಟು ವೆಲ್ಡಿಂಗಿನಲ್ಲಿ ಚುಕ್ಕಿ ಚುಕ್ಕಿ ಇಟ್ಟು, ಒಂದೊಂದು ಚುಕ್ಕಿಗೂ ಒದ್ದೆ ಬಟ್ಟೆ ಒತ್ತಿ ಮುಗಿಸಿದರು. ಪುಟ್ಟಿ ಎಷ್ಟು ಹಾಕಿದ್ದಾರೆ ಅಂತ ನೋಡಲು ನಾನು ಅಂಗಡಿಯಿಂದ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅದು ಟಕ್ ಅಂತ ಅಂಟಿದಾಗ ಸಾಬರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಯಾವ ಬಂಪರ್?

ಇಲ್ಲಿ ಆಯ್ಕೆಗಳು ನಾಲ್ಕು, ಕೊನೆಯ ಎರಡನ್ನು ಬೇಗ ಮುಗಿಸುತ್ತೇನೆ.

ಹಳೇ ಮೂಲ ಬಂಪರನ್ನು ಎಲ್ಲಿಂದಲೋ ಸಂಪಾದಿಸಿ ಮರುಕ್ರೋಮ್ ಮಾಡಿಸುವುದು ಮೊದಲನೆಯದು. ಆ ಕಾಲದ ಉಕ್ಕು ದಪ್ಪ, ಬಾಗು ಸರಿಯಾಗಿ ಕೂರುತ್ತದೆ. ನಾನು ಮೊದಲು ಹಿಡಿದದ್ದು ಇದೇ ದಾರಿ, ಎಡವಿದ್ದೂ ಇಲ್ಲೇ. ಕ್ರೋಮ್ ಅಂತ ನಾವು ಕರೆಯುವ ಹೊಳಪಿನಲ್ಲಿ ಕ್ರೋಮಿಯಂ ಪದರ ಒಂದು ಮೈಕ್ರಾನಿನ ಅರ್ಧದಷ್ಟೂ ಇರುವುದಿಲ್ಲ. ಹೊಳಪಿನ ಬಹುಪಾಲು, ತುಕ್ಕು ತಡೆಯುವ ಕೆಲಸ ಪೂರ್ತಿ, ಅದರ ಕೆಳಗಿನ ನಿಕ್ಕಲಿನದು. ನಿಕ್ಕಲಿನ ಕೆಳಗೆ ತಾಮ್ರ ಇದ್ದರೆ ಸಣ್ಣ ಗುಳಿಗಳು ತುಂಬಿ, ಬಫ್ ಮಾಡಿ ನುಣುಪಾಗಿಸಬಹುದು. ನಾನು ಕೊಟ್ಟ ಪ್ಲೇಟಿಂಗ್ ಅಂಗಡಿಯವರು ಎರಡೇ ದಿನದಲ್ಲಿ ಕನ್ನಡಿಯಂತೆ ಮಾಡಿಕೊಟ್ಟರು. ಎರಡೇ ದಿನದಲ್ಲಿ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಒಂದು ಮಳೆಗಾಲ ಕಳೆದು ಆಯುಧಪೂಜೆಗೆ ತೊಳೆಯುವಾಗ ಉಗುರು ತಾಗಿ ಒಂದು ಸಿಪ್ಪೆ ಎದ್ದಿತು, ಈರುಳ್ಳಿಯದರ ಹಾಗೆ. ಕೆಳಗೆ ಬರೀ ಉಕ್ಕು, ಆಗಲೇ ಕಂದು ಬಣ್ಣ. ತಾಮ್ರವೂ ಇರಲಿಲ್ಲ, ನಿಕ್ಕಲ್ ಹೆಸರಿಗೆ ಮಾತ್ರ ಇತ್ತು. ವಾಪಸು ಹೋಗಿ ಕೇಳಿದರೆ "ಮಳೇಲಿ ಯಾಕ್ ಓಡಿಸಿದ್ರಿ" ಅಂದರು.

ಈ ದಾರಿ ಹಿಡಿಯುವವರು ಬಂಪರ್ ಕೊಡುವ ಮುಂಚೆ ಮೂರು ಪದರದ ಪ್ಲೇಟಿಂಗ್ ಅಂತ ಬಿಲ್ಲಿನಲ್ಲಿ ಬರೆಸಿ. ತಾಮ್ರದ ಹಂತದಲ್ಲಿ ಕೆಂಪಗೆ ಇರುವಾಗ ಒಮ್ಮೆ ಹೋಗಿ ಕಣ್ಣಾರೆ ನೋಡಿ, ಆ ಹಂತ ತೋರಿಸಲು ಒಪ್ಪದವರ ಹತ್ತಿರ ಕೊಡಬೇಡಿ. ಪೀಣ್ಯದಲ್ಲಿ ಪ್ಲೇಟಿಂಗ್ ಘಟಕಗಳು ಸಾಕಷ್ಟಿವೆ, ತುಮಕೂರಿನಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಬಂಪರಿನ ಒಳಮೈ ಮರೆಯಬೇಡಿ. ಕ್ರೋಮ್ ಬಂಪರ್ ಸಾಯುವುದು ಬೆನ್ನಿನಿಂದ. ಅಲ್ಲಿ ಪ್ಲೇಟಿಂಗ್ ಸರಿಯಾಗಿ ಹತ್ತಿರುವುದಿಲ್ಲ, ಚಕ್ರ ಎರಚಿದ ಕೆಸರು ಅಲ್ಲೇ ಕೂರುತ್ತದೆ. ಪ್ರೈಮರ್, ಅದರ ಮೇಲೆ ಎರಡು ಕೈ ಸಿಲ್ವರ್ ಪೇಂಟ್ ಹಚ್ಚಿ.

ಎರಡನೆಯದು ಹೊಸದಾಗಿ ತಯಾರಾಗಿ ಬರುವ ಬಂಪರ್. ಇದರಲ್ಲಿ ಕ್ರೋಮ್ ಮಾಡಿದ ಉಕ್ಕಿನದೂ ಇದೆ, ಪೂರಾ ಸ್ಟೇನ್‌ಲೆಸ್ ಸ್ಟೀಲಿನದೂ ಇದೆ. ಎಂಜಿಬಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ, ಹಾಗಾಗಿ ಇಂಗ್ಲೆಂಡಿನಲ್ಲಿ ಬಿಡಿಭಾಗಕ್ಕೆ ಬರ ಇಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರುತ್ತಿದ್ದಾರೆ, ಮಾಸ್‌ನಂಥ ಅಂಗಡಿಗಳಲ್ಲಿ ಕಡ್ಡಿಯಿಂದ ಗುಡ್ಡದ ತನಕ ಸಿಗುತ್ತದೆ. ಬಿಸಿ ತಟ್ಟುವುದು ಸಾಗಣೆಯಲ್ಲಿ. ವಿಮಾನದ ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಡಬ್ಬಿಯ ಗಾತ್ರವನ್ನೂ ತೂಕದ ಲೆಕ್ಕಕ್ಕೆ ತಂದು ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಕೇಳುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿ. ಬಂಪರಿಗೆ 160, 30, 25 ಸೆಂಟಿಮೀಟರಿನ ಡಬ್ಬಿ ಬೇಕು ಅಂದುಕೊಳ್ಳಿ. ಲೆಕ್ಕ 24 ಕಿಲೋಗೆ ಬರುತ್ತದೆ, ತಕ್ಕಡಿಯಲ್ಲಿ ಇಟ್ಟರೆ ಅದರ ಅರ್ಧವೂ ತೂಗುವುದಿಲ್ಲ. ಮುಂದಿನದು, ಹಿಂದಿನದು, ಮಡ್‌ಗಾರ್ಡು ಎಲ್ಲ ಬೇಕಿದ್ದರೆ ಸಮುದ್ರದ ದಾರಿಯೇ ಲೇಸು. ಒಂದೇ ಪೆಟ್ಟಿಗೆಯಲ್ಲಿ, ಎರಡು ಮೂರು ಮಂದಿ ಸೇರಿ ತರಿಸಿದರೆ ಇನ್ನೂ ಲೇಸು. ಮೇಲೆ ಕಸ್ಟಮ್ಸ್ ಇದ್ದೇ ಇದೆ.

ಕ್ರೋಮೋ ಸ್ಟೇನ್‌ಲೆಸ್ಸೋ ಅನ್ನುವವರಿಗೆ: ಪಕ್ಕಪಕ್ಕ ಇಟ್ಟರೆ ಕ್ರೋಮಿನಲ್ಲಿ ತುಸು ನೀಲಿ ಛಾಯೆ, ಸ್ಟೇನ್‌ಲೆಸ್ಸಿನಲ್ಲಿ ತುಸು ಬೆಚ್ಚನೆಯ ಛಾಯೆ. ಬೇರೆಬೇರೆ ನೋಡಿದರೆ ನೂರರಲ್ಲಿ ತೊಂಬತ್ತೊಂಬತ್ತು ಜನಕ್ಕೆ ತಿಳಿಯುವುದಿಲ್ಲ. ಆದರೆ ಕ್ರೋಮ್ ಗ್ರಿಲ್, ಕ್ರೋಮ್ ಹೆಡ್‌ಲೈಟ್ ರಿಂಗಿನ ಪಕ್ಕ ಸ್ಟೇನ್‌ಲೆಸ್ ಬಂಪರ್ ಕೂತಾಗ ಆ ಒಬ್ಬನ ಕಣ್ಣು ಕುಟುಕುತ್ತದೆ, ಆ ಒಬ್ಬ ಬಹುಶಃ ನೀವೇ. ಸ್ಟೇನ್‌ಲೆಸ್ಸಿನಲ್ಲಿ ಸಿಪ್ಪೆ ಏಳುವ ಭಯ ಇಲ್ಲ. ಗೀರು ಬಿದ್ದರೆ ಬಫ್ ಹಾಕಿದರೆ ಸಾಕು, ಮತ್ತೆ ಪ್ಲೇಟಿಂಗ್ ಬೇಕಿಲ್ಲ. ಗುಳಿ ಬಿದ್ದರೆ ಮಾತ್ರ ಕಷ್ಟ. ಬಡಿದಷ್ಟೂ ಗಡುಸಾಗುವ ಲೋಹ ಅದು, ಸುತ್ತಿಗೆಗೆ ಜಗ್ಗುವುದಿಲ್ಲ.

ಇಲ್ಲಿ ನನ್ನ ಅಂಗಡಿಯ ಅನುಭವ ಒಂದು ಮಾತು ಹೇಳುತ್ತದೆ. ಸ್ಟೇನ್‌ಲೆಸ್ ಅಂದರೆ ಯಾವ ಗ್ರೇಡ್ ಅಂತ ಕೇಳಿ. 304ರಲ್ಲಿ ಕ್ರೋಮಿಯಂ ಸುಮಾರು 18, ನಿಕ್ಕಲ್ ಸುಮಾರು 8 ಪರ್ಸೆಂಟ್. 202ರಲ್ಲಿ ನಿಕ್ಕಲ್ ಉಳಿಸಿ ಮ್ಯಾಂಗನೀಸ್ ತುಂಬಿರುತ್ತಾರೆ, ಬಾತ್‌ರೂಮಿನ ಚಿಲಕದಲ್ಲಿ ಎರಡು ವರ್ಷಕ್ಕೆ ಕಂದು ಚುಕ್ಕೆ ಕಾಣುವುದು ಅದರಿಂದಲೇ. ಅಯಸ್ಕಾಂತ ಹಿಡಿದು "ಅಂಟಲಿಲ್ಲ, ಒರಿಜಿನಲ್" ಅನ್ನುವವರನ್ನು ನಂಬಬೇಡಿ. ಎರಡೂ ಗ್ರೇಡು ಅಂಟುವುದಿಲ್ಲ, ಬಾಗಿಸಿದ ಜಾಗದಲ್ಲಿ ಎರಡೂ ತುಸು ಅಂಟುತ್ತವೆ. ಸ್ಟೀಲ್ ಅಂಗಡಿಗಳಲ್ಲಿ ಹನಿ ಹಾಕಿ ಬಣ್ಣ ನೋಡುವ ದ್ರಾವಣ ಇರುತ್ತದೆ, ಬಂಪರಿನ ಬೆನ್ನಿಗೆ ಒಂದು ಹನಿ ಹಾಕಿಸಿ.

ನಾನು ಕೊನೆಗೆ ಹಾಕಿಸಿದ್ದು 304 ಸ್ಟೇನ್‌ಲೆಸ್. ದೂರದಿಂದ ಚೆನ್ನಾಗಿದೆ. ಹತ್ತಿರದಿಂದ ಆ ಒಬ್ಬ ನಾನೇ.

ಮೂರನೆಯದು ಫೈಬರ್. ರೇಸಿನ ಎಂಜಿ ಗಾಡಿಗಳ ನಕಲಿನಲ್ಲಿ ಸೆಬ್ರಿಂಗ್ ಅನ್ನುವ ಹೆಸರಿನ ಮೂತಿ ಸಿಗುತ್ತದೆ. ಬಂಪರೇ ಇಲ್ಲ, ಕೆಳಗೆ ಅಗಲವಾದ ಗಾಳಿಬಾಯಿ ಮಾತ್ರ. ತೂಕ ಇಲ್ಲ, ತುಕ್ಕು ಇಲ್ಲ, ನಮ್ಮ ಲೋಕಲ್ ಫೈಬರ್ ಅಂಗಡಿಯವರೇ ಅಚ್ಚು ತೆಗೆದು ಮಾಡಿಕೊಡಬಲ್ಲರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ಯಾರಾದರೂ ಒರಗಿದರೆ ಬಿರುಕು ಬಿಡುತ್ತದೆ. ರ‍್ಯಾಲಿಗೆ ಇಟ್ಟುಕೊಂಡ ಗಾಡಿಗಾದರೆ ಸರಿ.

ನಾಲ್ಕನೆಯದು ಅಂಬಾಸಿಡರಿನದೋ ಪದ್ಮಿನಿಯದೋ ಬಂಪರ್ ಕತ್ತರಿಸಿ ಸೇರಿಸುವುದು. ಮಾಡಿದವರಿದ್ದಾರೆ. ಬೇಡ.

ತಗ್ಗಿಸುವ ಪ್ರಶ್ನೆ

ಕ್ರೋಮ್ ಕೂರಿಸಿದ ಮೇಲೆ ಗಾಡಿ ಪಂಚೆ ಎತ್ತಿ ಕಟ್ಟಿದವನ ಹಾಗೆ ಕಾಣುತ್ತದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದು ಮೊದಲು ಕರಿ ಮೂತಿಯ ಭಾರದಲ್ಲಿ ಕಾಣುತ್ತಿರಲಿಲ್ಲ, ಈಗ ಎದ್ದು ಕಾಣುತ್ತದೆ. ಆಗ ಎಲ್ಲರೂ ಹೇಳುವ ಮಾತು: ಮುಂದೆ ಗಿಡ್ಡ ಸ್ಪ್ರಿಂಗ್, ಹಿಂದೆ ಪಟ್ಟಾ ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಒಂದು ಇಂಚಿನ ಬ್ಲಾಕ್. ಇಂಗ್ಲೆಂಡಿನಲ್ಲಿ ಇದು ಸರಿ. ಅಲ್ಲಿ ಮುಂದಿನ ಚಕ್ರಗಳ ಸಸ್ಪೆನ್ಷನ್ ಹೊರುವ ಅಡ್ಡ ತೊಲೆಯನ್ನೇ (ಕ್ರಾಸ್‌ಮೆಂಬರ್) ಹಳೆಯ ಗಾಡಿಯದಕ್ಕೆ ಬದಲಿಸುವವರೂ ಇದ್ದಾರೆ, ಆದರೆ ಆಗ ಸ್ಟೀರಿಂಗ್ ಕೋನ ತಪ್ಪಿ ಇನ್ನೊಂದು ಸರಪಳಿ ಶುರುವಾಗುತ್ತದೆ.

ನಮ್ಮಲ್ಲಿ ಹಂಪ್‌ಗಳಿವೆ. ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಆ ಅಳತೆಯದಾದರೆ ತಗ್ಗಿಸಿದ ಎಂಜಿಬಿಯೂ ನಿಧಾನಕ್ಕೆ ಏರಿ ಇಳಿಯುತ್ತದೆ. ದೇವರಾಯನದುರ್ಗದ ದಾರಿಯ ಹಳ್ಳಿಗಳಲ್ಲಿ ಒಂದು ಅಪಘಾತವಾದ ಮರುದಿನ ರಾತ್ರೋರಾತ್ರಿ ಹಾಕಿದ ಹಂಪ್‌ಗಳಿಗೆ ಯಾವ ಕಾಂಗ್ರೆಸ್ಸಿನ ಅಳತೆಯೂ ಇಲ್ಲ, ಎಮ್ಮೆ ಮಲಗಿದ ಹಾಗಿರುತ್ತವೆ. ಎಂಜಿಬಿಯ ಹೊಟ್ಟೆಯಲ್ಲಿ ಮೊದಲು ತಾಗುವುದು ಸೈಲೆನ್ಸರ್ ಪೈಪು. ಈಗಿನ ಎತ್ತರದಲ್ಲೇ ಇಬ್ಬರು ಕೂತಾಗ ನನಗೆ ಎರಡು ಕಡೆ ಗರ್ ಅನ್ನುತ್ತದೆ. ಅಮೆರಿಕದ ಕಾಯಿದೆ ಕೊಟ್ಟ ಆ ಒಂದಿಂಚು ತುಮಕೂರು ಜಿಲ್ಲೆಗೆ ಹೇಳಿ ಮಾಡಿಸಿದಂತಿದೆ. ಅದನ್ನು ಯಾಕೆ ಕಳೆದುಕೊಳ್ಳಬೇಕು?

ಬದಲಿಗೆ ಮುಂದೆ ಆ್ಯಂಟಿ ರೋಲ್ ಬಾರ್ ಹಾಕಿಸಿ, ಹಳೇ ರಬ್ಬರ್ ಬುಷ್‌ಗಳನ್ನು ಬದಲಿಸಿ. ವಾಲಾಟ ಅರ್ಧಕ್ಕೆ ಇಳಿಯಿತು ಅನ್ನುವುದು ನನ್ನ ಅಂದಾಜು. ನಾಮದ ಚಿಲುಮೆ ದಾಟಿ ಬೆಟ್ಟ ಏರುವಾಗ ಹೆಂಡತಿ ಮೊದಲಿನ ಹಾಗೆ ಬಾಗಿಲು ಹಿಡಿದುಕೊಳ್ಳುವುದಿಲ್ಲ. ತಗ್ಗಿಸಲೇಬೇಕು ಅನ್ನುವವರು ಅದಕ್ಕೆಂದೇ ಮಾಡಿದ ಸ್ಪ್ರಿಂಗ್ ತರಿಸಿ. ಗ್ಯಾಸಿನಲ್ಲಿ ಒಂದು ಸುತ್ತು ಕತ್ತರಿಸಿಕೊಡುತ್ತೇನೆ ಅನ್ನುವವರಿಂದ ದೂರ ಓಡಿ. ಕಾಯಿಸಿದ ಸ್ಪ್ರಿಂಗ್ ಹದ ಕಳೆದುಕೊಳ್ಳುತ್ತದೆ.

ಆರ್‌ಟಿಓ ಕಡೆಯ ಮಾತು

ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. ಕ್ರೋಮ್ ಬಂಪರಿನ ಮೇಲೆ ಇನ್ನೊಂದು ಕಬ್ಬಿಣದ ಗಾರ್ಡ್ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

ನನ್ನ ಗಾಡಿಯ ವಯಸ್ಸಿನವಕ್ಕೆ ಇನ್ನೊಂದು ಯೋಚನೆ ಇದೆ. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ಆಮೇಲೆ ನವೀಕರಣಕ್ಕೆ 5,000. ನಂಬರಿನಲ್ಲಿ ವಿಎ ಅಕ್ಷರಗಳು ಬರುತ್ತವೆ, ಮೊದಲೇ ನೋಂದಣಿ ಇದ್ದ ಗಾಡಿಗೆ ಹಳೇ ನಂಬರ್ ಉಳಿಸಿಕೊಳ್ಳಬಹುದು. ಆದರೆ ಎರಡು ಕಟ್ಟು ಇವೆ. ಒಂದು, ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ಇನ್ನೊಂದು, ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.

1975ರ ಎಂಜಿಬಿಯ ಮೂಲ ರೂಪ ಅಂದರೆ ಎಮ್ಮೆ ಮೂತಿಯೇ! ಜನ ನಕ್ಕ ಮೂತಿಯೇ ಕಾನೂನಿನ ಕಣ್ಣಲ್ಲಿ ಅಸಲಿ, ಜನ ಮೆಚ್ಚುವ ಕ್ರೋಮ್ ನಕಲಿ. ವಿಂಟೇಜ್ ಮಾಡಿಸುವ ಆಸೆ ಇದ್ದರೆ ಕರಿ ಬಂಪರನ್ನೇ ಉಳಿಸಿಕೊಳ್ಳಿ, ಡೈ ಹಚ್ಚಿ ಸುಮ್ಮನಿರಿ. ವಾರಕ್ಕೊಮ್ಮೆ ಬೆಟ್ಟಕ್ಕೆ ಹೋಗಿಬರುವ ಆಸೆ ನನ್ನದು, ಹಾಗಾಗಿ ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುತ್ತಿದ್ದೇನೆ. ಆದರೂ ಒಂದು ಎಚ್ಚರ ಮಾಡಿದ್ದೇನೆ. ಗಾಡಿಯ ಮುಂಭಾಗದ ತೊಲೆಗಳಲ್ಲಿರುವ ಹಳೇ ಬಂಪರಿನ ದಪ್ಪ ಪ್ಲೇಟುಗಳನ್ನು ಕತ್ತರಿಸಲು ಬಿಡಲಿಲ್ಲ, ಅದೇ ತೂತುಗಳಿಗೆ ಕೂರುವ ಬ್ರ್ಯಾಕೆಟ್ ಮಾಡಿಸಿದೆ. ಮುಂದೆ ಮಗನಿಗೆ ಮನಸ್ಸು ಬದಲಾದರೆ ಮುಂಭಾಗವಾದರೂ ಸ್ಪಾನರಿನಲ್ಲೇ ಹಿಂದಕ್ಕೆ ಹೋಗಬಹುದು. ಇನ್ಶೂರೆನ್ಸ್‌ನವರಿಗೆ ಫೋಟೋ ಸಮೇತ ಪತ್ರ ಕೊಟ್ಟು ಸೀಲ್ ಹಾಕಿಸಿಕೊಂಡಿದ್ದೇನೆ.

ಬೇರೆ ಗಾಡಿಯವರಿಗೆ

ಮರ್ಸಿಡಿಸ್ 107 ಎಸ್‌ಎಲ್ ಇದ್ದವರು ಅದೃಷ್ಟವಂತರು. 1971ರಿಂದ 1989ರ ತನಕ ತಯಾರಾದ ಆ ಗಾಡಿಗೆ ಅಮೆರಿಕದ ಮಾದರಿಯಲ್ಲಿ ಹಲಗೆಯಂತೆ ಮುಂಚಾಚಿದ ಬಂಪರ್, ಯೂರೋಪಿನ ಮಾದರಿಯಲ್ಲಿ ಮೈಗೆ ಅಂಟಿದ ತೆಳು ಬಂಪರ್. ಬ್ರ್ಯಾಕೆಟ್ ಬದಲಿಸಿದರೆ ಹೆಚ್ಚು ಕಡಿಮೆ ಕೂರುತ್ತದೆ, ತಗಡಿನ ರಾಮಾಯಣ ಕಡಿಮೆ. ಪೋರ್ಷೆ 911ರಲ್ಲಿ ತಿರುಗುಮುರುಗು: 1974ರಿಂದ ಬಂದ ಅಕಾರ್ಡಿಯನ್ ಮಡಿಕೆಯ ಬಂಪರಿಗಾಗಿ ಬಾನೆಟ್ಟನ್ನೇ ಗಿಡ್ಡ ಮಾಡಿದ್ದಾರೆ, ಹಳೇ ಮೂತಿ ಬೇಕೆಂದರೆ ಬಾನೆಟ್, ಮಡ್‌ಗಾರ್ಡು ಎಲ್ಲ ಬದಲಾಗಬೇಕು. ಅದರ ಮಡಿಕೆ ಬಂಪರ್ ನನ್ನ ಕಣ್ಣಿಗಂತೂ ಚೆನ್ನಾಗೇ ಕಾಣುತ್ತದೆ, ಮುಟ್ಟಬೇಡಿ. ಟ್ರಯಂಫ್ ಟಿಆರ್6ನ ಕೊನೆಯ ಗಾಡಿಗಳಲ್ಲಿ ಉಬ್ಬು ರಬ್ಬರ್ ತುಂಡುಗಳನ್ನು ಬಿಚ್ಚಿದರೆ ಅರ್ಧ ಕೆಲಸ ಮುಗಿಯಿತು.

ಕೊನೆಗೆ ವೈರು ಮತ್ತು ಬೋಲ್ಟು

ಇಂಡಿಕೇಟರ್ ಜಾಗ ಬದಲಾಗುವುದರಿಂದ ವೈರ್ ಉದ್ದ ಮಾಡಬೇಕು. ಗಾಡಿಯ ವಿದ್ಯುತ್ ಸಾಮಾನು ಮಾಡಿದ ಲೂಕಸ್ ಕಂಪನಿಯ ಬಣ್ಣದ ಲೆಕ್ಕ ಹೀಗೆ: ಹಸಿರಿನ ಮೇಲೆ ಕೆಂಪು ಗೆರೆ ಎಡಗಡೆ, ಹಸಿರಿನ ಮೇಲೆ ಬಿಳಿ ಗೆರೆ ಬಲಗಡೆ, ಕಪ್ಪು ಅರ್ಥ್. ಕರಿ ವೈರನ್ನು ಪೇಂಟ್ ಕೆರೆದು ಬಾಡಿಗೆ ಗಟ್ಟಿಯಾಗಿ ಕೂರಿಸಿ. ಇಲ್ಲದಿದ್ದರೆ ಎಡ ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ದೀಪವೂ ಮಿಣುಕುತ್ತದೆ, ಎಲೆಕ್ಟ್ರಿಷಿಯನ್ ಮೂರು ದಿನ ತಲೆ ಕೆರೆದುಕೊಳ್ಳುತ್ತಾನೆ.

ಬೋಲ್ಟಿನ ಮಾತು ನನ್ನ ಕಸುಬಿನದು. ಎಂಜಿಬಿಯಲ್ಲಿ ಇರುವುದು ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ ಸಣ್ಣ ಮರೆ. 5/16 ಇಂಚಿನ ಬೋಲ್ಟ್ ಕಳೆದರೆ ಗ್ಯಾರೇಜಿನ ಹುಡುಗ ಡಬ್ಬಿಯಿಂದ 8 ಎಂಎಂ ತೆಗೆದು ಹಚ್ಚುತ್ತಾನೆ. ವ್ಯತ್ಯಾಸ ಕೂದಲೆಳೆಯಷ್ಟು, ಎರಡು ಸುತ್ತು ಸರಾಗವಾಗಿ ಹೋಗುತ್ತದೆ. ಮೂರನೇ ಸುತ್ತಿಗೆ ಬಿಗಿ, ಹುಡುಗ ಸ್ಪಾನರಿಗೆ ಪೈಪ್ ಸಿಕ್ಕಿಸುತ್ತಾನೆ, ಒಳಗಿನ ಮರೆ ನುಣ್ಣಗಾಗುತ್ತದೆ. ಹಾಗಾಗಿ ಬಿಚ್ಚುವ ದಿನವೇ ಒಂದೊಂದು ಬೋಲ್ಟನ್ನೂ ಚೀಟಿ ಸಮೇತ ಹಾರ್ಲಿಕ್ಸ್ ಬಾಟ್ಲಿಗೆ ಹಾಕಿಡಿ. ನನ್ನವು ಹನ್ನೊಂದು ಬಾಟ್ಲಿಯಾದವು. ಕರಿ ಬಂಪರನ್ನು ಅಟ್ಟದ ಮೇಲೆ ಮಟ್ಟವಾಗಿ ಮಲಗಿಸಿದ್ದೇನೆ, ನೇತುಹಾಕಿದರೆ ಬೇಸಿಗೆಯಲ್ಲಿ ಜೋತು ಆಕಾರ ಕೆಡುತ್ತದೆ. ಕಳೆದ ಶ್ರಾವಣದಲ್ಲಿ ಅದರ ಗ್ರಿಲ್ಲಿನ ಗೂಡಿನಲ್ಲಿ ಬೆಕ್ಕು ಮೂರು ಮರಿ ಹಾಕಿತ್ತು.